ಮಾನವೀಯ ನೆರವಿನ ಕೆಲಸಕ್ಕೆ ಮೂವತ್ತು ಲಕ್ಷದ ಪದವಿ ಬೇಕೇ?

ಪ್ರಶ್ನೆ: ನಾನು ಕೊಪ್ಪಳ ಜಿಲ್ಲೆಯವಳು, ವಯಸ್ಸು 28. ಸಿವಿಲ್‌ನಲ್ಲಿ ಬಿ.ಇ. ಮುಗಿಸಿ ಆರು ವರ್ಷ ಆಯಿತು. ಅಂದಿನಿಂದ ಬಹುಗ್ರಾಮ ಕುಡಿಯುವ ನೀರಿನ ಯೋಜನೆ, ಜಲಜೀವನ್ ಮಿಷನ್ ಕಾಮಗಾರಿಗಳಲ್ಲಿ ಗುತ್ತಿಗೆದಾರರ ಕಡೆಯ ಸೈಟ್ ಎಂಜಿನಿಯರ್. ಯುದ್ಧ, ಪ್ರವಾಹದಿಂದ ಮನೆಮಠ ಬಿಟ್ಟವರಿಗೆ ನೀರು ಕೊಡುವ ಅಂತರರಾಷ್ಟ್ರೀಯ ಸಂಸ್ಥೆ ಸೇರುವ ಆಸೆ. ಇಂಗ್ಲೆಂಡಿನಲ್ಲಿ ಮಾನವೀಯ ನೆರವಿನ ವಿಷಯದಲ್ಲಿ ಒಂದು ವರ್ಷದ ಎಂ.ಎಸ್ಸಿ.ಗೆ ಸೀಟು ಸಿಕ್ಕಿದೆ. ಫೀಸು, ಅಲ್ಲಿರುವ ಖರ್ಚು ಸೇರಿ ಮೂವತ್ತು ಲಕ್ಷ. ಅಪ್ಪ ಹೊಲದ ಮೇಲೆ ಸಾಲ ತೆಗೆಯಲು ಒಪ್ಪಿದ್ದಾರೆ. ಈ ನಡುವೆ ಒಬ್ಬ ಏಜೆಂಟರು ಎಪ್ಪತ್ತೈದು ಸಾವಿರ ಕಟ್ಟಿದರೆ ವಿಶ್ವಸಂಸ್ಥೆಯ ‘ರೋಸ್ಟರ್‌’ನಲ್ಲಿ ಹೆಸರು ಸೇರಿಸುತ್ತೇವೆ ಅನ್ನುತ್ತಿದ್ದಾರೆ. ಈ ಪದವಿ ಇಲ್ಲದೆ ಕೆಲಸ ಸಿಗುವುದಿಲ್ಲವೇ? ಫ್ರೆಂಚ್ ಕಲಿಯಲೇಬೇಕೇ? ಹೆಣ್ಣುಮಗಳು ಒಬ್ಬಳೇ ಅಂಥ ಕಡೆ ಹೋಗುವುದಾದರೂ ಹೇಗೆ ಎಂದು ಅಮ್ಮನ ಆತಂಕ. ಏನು ಮಾಡಲಿ?

ಉತ್ತರ: ಮೊದಲು ಏಜೆಂಟರ ವಿಷಯ ಮುಗಿಸಿಬಿಡೋಣ, ಅದು ಸುಲಭದ್ದು. ಒಂದು ರೂಪಾಯಿಯನ್ನೂ ಕೊಡಬೇಡಿ. ಅರ್ಜಿ, ಸಂದರ್ಶನ, ತರಬೇತಿ, ನೇಮಕ, ಯಾವ ಹಂತದಲ್ಲೂ ವಿಶ್ವಸಂಸ್ಥೆ ಅಭ್ಯರ್ಥಿಗಳಿಂದ ಶುಲ್ಕ ತೆಗೆದುಕೊಳ್ಳುವುದಿಲ್ಲ. ರೋಸ್ಟರ್ ಅನ್ನುವುದು ಇರುವುದು ನಿಜ. ಒಂದು ಹುದ್ದೆಗೆ ಅರ್ಜಿ ಹಾಕಿ, ಪರೀಕ್ಷೆ ಬರೆದು, ಸಂದರ್ಶನದಲ್ಲಿ ಪಾಸಾಗಿ, ಕೊನೆಗೆ ಹುದ್ದೆ ಬೇರೆಯವರಿಗೆ ಹೋದಾಗ ಉಳಿದ ಅರ್ಹರ ಹೆಸರು ಇಟ್ಟುಕೊಳ್ಳುವ ಪಟ್ಟಿ ಅದು. ಹೊರಗಿನವರು ಸೇರಿಸುವುದಕ್ಕೆ ಅದು ಮದುವೆಯ ಊಟದ ಪಟ್ಟಿಯಲ್ಲ. ಹುದ್ದೆಗಳು ಆಯಾ ಸಂಸ್ಥೆಯ ಜಾಲತಾಣದಲ್ಲೂ ನೆರವಿನ ಕೆಲಸಗಳ ಪ್ರಕಟಣೆ ಬರುವ ರಿಲೀಫ್‌ವೆಬ್ ತಾಣದಲ್ಲೂ ಎಲ್ಲರ ಕಣ್ಣೆದುರು ಇರುತ್ತವೆ. ಏಜೆಂಟರಿಗೆ ಪಾಸ್‌ಪೋರ್ಟಿನ ಮೂಲಪ್ರತಿ ಕೊಟ್ಟಿದ್ದರೆ ಇವತ್ತೇ ವಾಪಸ್ ತೆಗೆದುಕೊಳ್ಳಿ. ಮುಂಗಡ ಕಟ್ಟಿಬಿಟ್ಟಿದ್ದರೆ 1930ಕ್ಕೆ ಕರೆ ಮಾಡಿ ಸೈಬರ್ ದೂರು ದಾಖಲಿಸಿ. ತಡವಾದಷ್ಟೂ ಹಣ ಕೈಬಿಟ್ಟ ಹಾಗೆ.

ಇನ್ನು ನಿಮ್ಮ ನಿಜವಾದ ಪ್ರಶ್ನೆ. ಪದವಿ ಒಳ್ಳೆಯದೋ ಕೆಟ್ಟದ್ದೋ ಎಂದು ನೀವು ಕೇಳುತ್ತಿಲ್ಲ. ಹೊಲ ಅಡವಿಟ್ಟು ತಂದ ಸಾಲವನ್ನು ಆ ಪದವಿ ತೀರಿಸಿಕೊಡುತ್ತದೆಯೇ ಎಂದು ಕೇಳುತ್ತಿದ್ದೀರಿ. ಈಗಿನ ಪರಿಸ್ಥಿತಿಯಲ್ಲಿ ಅದನ್ನು ನಂಬಿ ಸಾಲ ಮಾಡಬೇಡಿ ಅನ್ನುವುದು ನನ್ನ ಸ್ಪಷ್ಟ ಸಲಹೆ. ಯಾಕೆ ಅನ್ನುವುದಕ್ಕೆ ಈ ಕ್ಷೇತ್ರ ಯಾರನ್ನು, ಯಾಕೆ ತೆಗೆದುಕೊಳ್ಳುತ್ತದೆ ಎಂಬುದರಿಂದ ಶುರುಮಾಡಬೇಕು.

ಕಸುಬಿಗೆ ಬೆಲೆ, ಕನಿಕರಕ್ಕಲ್ಲ

‘ಮಾನವೀಯ ನೆರವು’ ಅಂದಕೂಡಲೇ ನಮ್ಮಲ್ಲಿ ಸಮಾಜಸೇವೆ ಎಂಬ ಚಿತ್ರ ಮೂಡುತ್ತದೆ: ಮನಸ್ಸಿದ್ದರೆ ಸಾಕು, ಉಳಿದದ್ದು ಅಲ್ಲಿ ಹೋಗಿ ಕಲಿಯಬಹುದು ಅಂತ. ಮೂವತ್ತು ವರ್ಷದ ಹಿಂದೆ ಸ್ವಲ್ಪ ಹಾಗೇ ಇತ್ತು. 1994ರ ಜುಲೈಯಲ್ಲಿ ರುವಾಂಡದಿಂದ ಲಕ್ಷಾಂತರ ಜನ ಕೆಲವೇ ದಿನಗಳಲ್ಲಿ ಆಗಿನ ಜೈರ್ ದೇಶದ ಗೋಮಾ ಪಟ್ಟಣದ ಸುತ್ತ ಬಂದು ಬಿದ್ದರು. ಅಲ್ಲಿ ನೆಲವೆಲ್ಲ ಜ್ವಾಲಾಮುಖಿಯ ಕಲ್ಲು, ಶೌಚಗುಂಡಿ ತೋಡಲು ಆಗುವುದಿಲ್ಲ. ಕುಡಿಯಲು ಕಿವು ಸರೋವರದ ನೀರು. ಕಾಲರಾ, ರಕ್ತಭೇದಿಯಿಂದ ಮೊದಲ ಒಂದು ತಿಂಗಳಲ್ಲಿ ಸತ್ತವರು ಸುಮಾರು 50,000. ನೆರವಿಗೆ ಬಂದ ಸಂಸ್ಥೆಗಳಿಗೆ ಲೆಕ್ಕವಿರಲಿಲ್ಲ, ಆದರೆ ಪಂಪು, ಕ್ಲೋರಿನ್, ಕಕ್ಕಸಿನ ಕೆಲಸ ಬಲ್ಲವರು ಸಾಕಾಗುವಷ್ಟು ಇರಲಿಲ್ಲ. ಆ ಅನುಭವದ ನಂತರ 1997ರಲ್ಲಿ ಸ್ಫಿಯರ್ ಎಂಬ ಯೋಜನೆ ಹುಟ್ಟಿ, ಒಬ್ಬರಿಗೆ ಇಷ್ಟು ನೀರು, ಇಷ್ಟು ಜನಕ್ಕೆ ಒಂದು ಶೌಚಾಲಯ ಎಂಬ ಕನಿಷ್ಠ ಮಾನದಂಡಗಳು ಬಂದವು.

ಅದಕ್ಕಿಂತ ಕಹಿಯಾದ ಉದಾಹರಣೆ ಹೈಟಿಯದ್ದು. 2010ರ ಅಕ್ಟೋಬರ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲಕರ ಒಂದು ಶಿಬಿರದ ಮಲ ನದಿಗೆ ಸೇರಿ ಕಾಲರಾ ಹಬ್ಬಿತು. ಸುಮಾರು 10,000 ಜನ ಸತ್ತರು. 2016ರಲ್ಲಿ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಬಾನ್ ಕಿ ಮೂನ್ ಹೈಟಿಯ ಜನರ ಕ್ಷಮೆ ಕೇಳಿದರು. ಒಳ್ಳೆಯ ಉದ್ದೇಶಕ್ಕೆ ಹೋದವರ ಕೆಟ್ಟ ಪ್ಲಂಬಿಂಗ್ ಎಂಥ ಅನಾಹುತ ಮಾಡಬಲ್ಲದು ಅನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

2005ರಿಂದ ನೆರವಿನ ಕೆಲಸವನ್ನು ‘ಕ್ಲಸ್ಟರ್‌’ಗಳಾಗಿ ಹಂಚಿದ್ದಾರೆ. ನೀರು, ನೈರ್ಮಲ್ಯ ಯುನಿಸೆಫ್ ನೇತೃತ್ವದಲ್ಲಿ, ಸಾಗಣೆ ವಿಶ್ವ ಆಹಾರ ಕಾರ್ಯಕ್ರಮದ್ದು, ಆರೋಗ್ಯ ವಿಶ್ವ ಆರೋಗ್ಯ ಸಂಸ್ಥೆಯದ್ದು. ಹೀಗೇ ಪೌಷ್ಟಿಕತೆ, ತಂಗುದಾಣ, ಮಕ್ಕಳ ರಕ್ಷಣೆ. ಹುದ್ದೆಗಳು ಬರುವುದೂ ಈ ಹೆಸರುಗಳಲ್ಲೇ. ‘ಮಾನವೀಯ ನೆರವಿನ ಅಧಿಕಾರಿ’ ಎಂಬ ಸಾಮಾನ್ಯ ಹುದ್ದೆಗಳೂ ಇವೆ, ಆದರೆ ಅವು ಕಡಿಮೆ, ಅವಕ್ಕೆ ಅರ್ಜಿ ಹಾಕುವವರು ವಿಪರೀತ. ನಿಮಗೆ ಸೀಟು ಸಿಕ್ಕಿರುವ ಪದವಿ ನಿಮ್ಮನ್ನು ಒಯ್ದು ನಿಲ್ಲಿಸುವುದು ಆ ಉದ್ದನೆಯ ಸಾಲಿನಲ್ಲಿ. ನಿಮ್ಮ ಕೈಯಲ್ಲಿ ಈಗಾಗಲೇ ಇರುವುದು ಚಿಕ್ಕ ಸಾಲಿನ ಟಿಕೆಟು: ನೀರಿನ ಎಂಜಿನಿಯರಿಂಗ್. ಈ ವಲಯದಲ್ಲಿ ಇದನ್ನು ‘ವಾಶ್’ ಅನ್ನುತ್ತಾರೆ. ನೀರು, ನೈರ್ಮಲ್ಯ, ಶುಚಿತ್ವ ಮೂರಕ್ಕೂ ಸೇರಿ ಒಂದೇ ಹೆಸರು.

ಶಿಬಿರದ ಲೆಕ್ಕ, ನಿಮ್ಮ ಹಳ್ಳಿಯ ಲೆಕ್ಕ

ನಿಮಗೆ ಎಷ್ಟು ಗೊತ್ತಿದೆ, ಎಷ್ಟು ಗೊತ್ತಿಲ್ಲ ಎಂದು ನೋಡಲು ಒಂದು ಲೆಕ್ಕ ಮಾಡೋಣ. ವಾಶ್ ಹುದ್ದೆಗಳ ಲಿಖಿತ ಪರೀಕ್ಷೆಯಲ್ಲಿ ಹೆಚ್ಚುಕಡಿಮೆ ಇದನ್ನೇ ಕೇಳುತ್ತಾರೆ: ‘10,000 ಜನ ಬಂದು ಕೂತಿದ್ದಾರೆ, ಪಕ್ಕದಲ್ಲಿ ಕೆಂಪು ನೀರಿನ ಹೊಳೆ ಇದೆ. ಮೊದಲ ವಾರದ ಯೋಜನೆ ಬರೆಯಿರಿ.’

ಜಲಜೀವನ್‌ನಲ್ಲಿ ನೀವು ತಲೆಗೆ ದಿನಕ್ಕೆ 55 ಲೀಟರ್ ಹಿಡಿಯುತ್ತೀರಿ. ಸ್ಫಿಯರ್‌ನ ಕನಿಷ್ಠ 15 ಲೀಟರ್. ಅಂದರೆ ದಿನಕ್ಕೆ ಒಂದೂವರೆ ಲಕ್ಷ ಲೀಟರ್. ಒಂದು ನಲ್ಲಿಗೆ ಹೆಚ್ಚೆಂದರೆ 250 ಜನ, ಹಾಗಾಗಿ 40 ನಲ್ಲಿ. ಇಲ್ಲಿಯವರೆಗೆ ಪುಸ್ತಕ ಓದಿದ ಯಾರು ಬೇಕಾದರೂ ಹೇಳುತ್ತಾರೆ. ಆದರೆ 250 ಎಲ್ಲಿಂದ ಬಂತು? ನಲ್ಲಿಯಲ್ಲಿ ನಿಮಿಷಕ್ಕೆ 7.5 ಲೀಟರ್ ಬರುತ್ತದೆ ಎಂದು ಹಿಡಿದ ಸಂಖ್ಯೆ ಅದು. ದಿನಕ್ಕೆ ಎಂಟು ಗಂಟೆ ಬಿಟ್ಟರೆ 3,600 ಲೀಟರ್, 250 ಜನಕ್ಕೆ ಹಂಚಿದರೆ ತಲೆಗೆ 14 ಚಿಲ್ಲರೆ. ಟ್ಯಾಂಕಿಗೆ ನೀರು ಸಾಲದೆ ನಾಲ್ಕೇ ಗಂಟೆ ಬಿಟ್ಟರೆ ಅದೇ ನಲ್ಲಿ 125 ಜನಕ್ಕೂ ಕಷ್ಟ. ಎರಡು ದಿನಕ್ಕೊಮ್ಮೆ ನೀರು ಬರುವ ಊರಲ್ಲಿ ನಲ್ಲಿ ಎಷ್ಟಿದ್ದರೇನು ಅನ್ನುವುದು ನಿಮಗೆ ನೀರುಗಂಟಿಯ ಜೊತೆ ಜಗಳವಾಡಿಯೇ ಗೊತ್ತಿರುವ ಸಂಗತಿ. ಪರೀಕ್ಷಕರು ಹುಡುಕುವುದು ಈ ತಿಳಿವಳಿಕೆಯನ್ನು.

ಮುಂದೆ, ಕೆಂಪು ನೀರು. ನೀರಿನ ರಾಡಿ 5 ಎನ್‌ಟಿಯು (ರಾಡಿ ಅಳೆಯುವ ಮಾನ) ದಾಟಿದರೆ ಕ್ಲೋರಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ, ಮಣ್ಣಿನ ಕಣಗಳೇ ಅದನ್ನು ತಿಂದುಹಾಕುತ್ತವೆ. ಹಾಗಾಗಿ ಮೊದಲು ಪಟಿಕ ಹಾಕಿ ತಿಳಿಗೊಳಿಸಬೇಕು. ಎಷ್ಟು ಹಾಕಬೇಕು ಅನ್ನುವುದು ಆ ದಿನದ ನೀರನ್ನು ನೋಡಿಯೇ ತಿಳಿಯುವಂಥದ್ದು. ಒಂದು ಲೀಟರ್ ನೀರಿಗೆ 10 ಗ್ರಾಂ ಪಟಿಕ ಕರಗಿಸಿಟ್ಟುಕೊಳ್ಳಿ. ಒಂದೊಂದು ಲೀಟರಿನ ಆರು ಬಾಟಲಿಗಳಲ್ಲಿ ಹೊಳೆನೀರು ತುಂಬಿ ಕ್ರಮವಾಗಿ 3, 4, 5, 6, 7, 8 ಮಿ.ಲೀ. ದ್ರಾವಣ ಬಿಡಿ. ಒಂದು ಮಿ.ಲೀ. ಅಂದರೆ ಲೀಟರಿಗೆ 10 ಮಿ.ಗ್ರಾಂ. ಒಂದು ನಿಮಿಷ ಜೋರಾಗಿ, ಆಮೇಲೆ ಹತ್ತು ಹದಿನೈದು ನಿಮಿಷ ಮೆಲ್ಲಗೆ ಕಲಕಿ ಅರ್ಧ ಗಂಟೆ ಬಿಟ್ಟರೆ, ಯಾವ ಬಾಟಲಿ ಎಲ್ಲಕ್ಕಿಂತ ಕಡಿಮೆ ಪಟಿಕದಲ್ಲಿ ತಿಳಿಯಾಗಿದೆ ಎಂದು ಕಣ್ಣಿಗೇ ಕಾಣುತ್ತದೆ. 5 ಮಿ.ಲೀ.ಯ ಬಾಟಲಿ ಗೆದ್ದರೆ 95,000 ಲೀಟರಿನ ಒಂದು ಟ್ಯಾಂಕಿಗೆ 4.75 ಕೆ.ಜಿ. ಪಟಿಕ. ತಗಡಿನ ಹಾಳೆಗಳನ್ನು ಬೋಲ್ಟ್ ಹಾಕಿ ಜೋಡಿಸಿ ಒಳಗೆ ರಬ್ಬರ್ ಹಾಳೆ ಹಾಸುವ ಈ ಟ್ಯಾಂಕಿಗೆ ಶಿಬಿರಗಳಲ್ಲಿ ಟಿ-95 ಅನ್ನುತ್ತಾರೆ. ಒಂದರಲ್ಲಿ ನೀರು ತಿಳಿಯಾಗುವಾಗ ಇನ್ನೊಂದರಿಂದ ಹಂಚುವ ಹಾಗೆ ಕನಿಷ್ಠ ಎರಡು ಬೇಕು. ಮಳೆ ಬಂದು ಹೊಳೆಯ ಬಣ್ಣ ಬದಲಾದ ದಿನ ಬಾಟಲಿಗಳ ಪರೀಕ್ಷೆ ಮತ್ತೆ ಮಾಡಬೇಕು. ಹೊಸಬರು ಎಡವುವುದು ಇಲ್ಲೇ: ಸೋಮವಾರದ ಪ್ರಮಾಣವನ್ನೇ ಶುಕ್ರವಾರವೂ ಸುರಿಯುತ್ತಾರೆ.

ತಿಳಿಯಾದ ಮೇಲೆ ಕ್ಲೋರಿನ್. ಲೀಟರಿಗೆ 2 ಮಿ.ಗ್ರಾಂ ಬೇಕು ಎಂದಿಟ್ಟುಕೊಂಡರೆ ಒಂದೂವರೆ ಲಕ್ಷ ಲೀಟರಿಗೆ 300 ಗ್ರಾಂ ಅಪ್ಪಟ ಕ್ಲೋರಿನ್. ಶಿಬಿರಗಳಲ್ಲಿ ಬಳಸುವ ಎಚ್‌ಟಿಎಚ್ ಎಂಬ ಶೇ 65 ಕ್ಲೋರಿನ್‌ನ ಪುಡಿಯಾದರೆ ಸುಮಾರು 460 ಗ್ರಾಂ. ನಮ್ಮ ಪಂಚಾಯಿತಿಗಳಲ್ಲಿರುವ ಬ್ಲೀಚಿಂಗ್ ಪೌಡರ್ ತಾಜಾ ಇದ್ದರೆ ಶೇ 30ರ ಲೆಕ್ಕದಲ್ಲಿ ಒಂದು ಕೆ.ಜಿ. ಚೀಲದ ಬಾಯಿ ತೆರೆದೇ ಮಳೆಗಾಲ ಕಳೆದ ಪುಡಿಯಾದರೆ ಅದರ ಅರ್ಧ ಸತ್ವವೂ ಇರುವುದಿಲ್ಲ. ಅಳತೆ ಸರಿಯಿದ್ದರೂ ನಲ್ಲಿಯಲ್ಲಿ ಕ್ಲೋರಿನ್ ಸೊನ್ನೆ ತೋರಿಸುವುದು ಅದಕ್ಕೇ. ನಲ್ಲಿಯಲ್ಲಿ ಲೀಟರಿಗೆ 0.2ರಿಂದ 0.5 ಮಿ.ಗ್ರಾಂ ಉಳಿಕೆ ಕ್ಲೋರಿನ್ ಇರಬೇಕೆಂಬುದು ಮಾನದಂಡ. ಆದರೆ ಬಿಸಿಲಿನ ಸೀಮೆಯಲ್ಲಿ ನಲ್ಲಿಯಲ್ಲಿದ್ದ ಕ್ಲೋರಿನ್ ಮನೆಯ ಕ್ಯಾನಿನಲ್ಲಿ ಸಂಜೆಯ ಹೊತ್ತಿಗೆ ಮಾಯ. ದಕ್ಷಿಣ ಸುಡಾನಿನ ಶಿಬಿರಗಳಲ್ಲಿ ಅಳೆದು ನೋಡಿದಾಗ ನಲ್ಲಿಯಲ್ಲಿ 1 ಮಿ.ಗ್ರಾಂನಷ್ಟು ಇಟ್ಟರೆ ಮಾತ್ರ ಹತ್ತು ಗಂಟೆ ರಕ್ಷಣೆ ಸಿಗುತ್ತದೆ ಎಂದು ಕಂಡುಬಂದಿತ್ತು. ಜನ ಕುಡಿಯುವುದು ಕ್ಯಾನಿನ ನೀರನ್ನು, ಹಾಗಾಗಿ ಅಳೆಯಬೇಕಾದದ್ದೂ ಅಲ್ಲೇ.

ನಿಮ್ಮ ಕೊರತೆ ಇನ್ನೊಂದು ಕಡೆ ಇದೆ: ಕಕ್ಕಸು. ಶುರುವಿನ ದಿನಗಳಲ್ಲಿ 50 ಜನಕ್ಕೊಂದು, ಆದಷ್ಟು ಬೇಗ 20 ಜನಕ್ಕೊಂದು. ಅಂದರೆ 10,000 ಜನಕ್ಕೆ ಮೊದಲು 200, ಆಮೇಲೆ 500. ಗಂಡಸರಿಗೆ ಒಂದಿದ್ದರೆ ಹೆಂಗಸರಿಗೆ ಮೂರು. ಗುಡಾರದಿಂದ 50 ಮೀಟರ್ ಒಳಗೆ, ನೀರಿನ ಮೂಲದಿಂದ ಕನಿಷ್ಠ 30 ಮೀಟರ್ ದೂರ, ಗುಂಡಿಯ ತಳ ಅಂತರ್ಜಲಕ್ಕಿಂತ ಒಂದೂವರೆ ಮೀಟರ್ ಮೇಲೆ. ತಲೆಗೆ ದಿನಕ್ಕೆ ಒಂದು ಲೀಟರ್ ಎಂದು ಕಡಿಮೆ ಹಿಡಿದರೂ 10,000 ಲೀಟರ್ ಮಲಮೂತ್ರ, ಎರಡು ಸಕಿಂಗ್ ಟ್ಯಾಂಕರ್ ತುಂಬುವಷ್ಟು, ಪ್ರತಿದಿನ. ಅದನ್ನು ಎಲ್ಲಿ ಸುರಿಯುತ್ತೀರಿ? 2017ರ ಆಗಸ್ಟ್ ನಂತರ ಏಳು ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾಗಳು ಬಾಂಗ್ಲಾದೇಶದ ಕಾಕ್ಸ್ ಬಜಾರಿಗೆ ಬಂದಾಗ ಅವಸರದಲ್ಲಿ ಸಾವಿರಾರು ಆಳವಿಲ್ಲದ ಕೊಳವೆಬಾವಿ ಕೊರೆದರು, ಪಕ್ಕದಲ್ಲೇ ಗುಂಡಿ ಕಕ್ಕಸು ಕಟ್ಟಿದರು. ಕೆಲವೇ ತಿಂಗಳಲ್ಲಿ ಗುಂಡಿ ತುಂಬಿತು, ಬಾವಿಯ ನೀರಿನಲ್ಲಿ ಮಲದ ಬ್ಯಾಕ್ಟೀರಿಯಾ ಬಂತು, ಎಷ್ಟೋ ಬಾವಿಗಳನ್ನು ಮುಚ್ಚಿ ಆಳದ ಬೋರು, ಕೊಳವೆ ಜಾಲ ಮಾಡಬೇಕಾಯಿತು. ನೀರು ಬಲ್ಲ ಎಂಜಿನಿಯರುಗಳು ಎಲ್ಲ ದೇಶಗಳಲ್ಲೂ ಸಿಗುತ್ತಾರೆ. ಮಲದ ಕೆಸರಿನ ವಿಲೇವಾರಿ ಬಲ್ಲವರು ಸಿಗುವುದಿಲ್ಲ. ನೀವು ಹೊಸದಾಗಿ ಏನಾದರೂ ಕಲಿಯುವುದಾದರೆ ನನ್ನ ಓಟು ಇದಕ್ಕೆ.

ನಿಮ್ಮ ಬಳಿ ಇರುವ, ಆದರೆ ನಿಮಗೇ ಬೆಲೆ ತಿಳಿಯದ ಇನ್ನೊಂದು ಸರಕೂ ಇದೆ. ಊರಲ್ಲಿ ನಾವು ‘ಬೋರಿಂಗ್’ ಅನ್ನುವ ಕೈಪಂಪು, ಇಂಡಿಯಾ ಮಾರ್ಕ್ ಟೂ, 1970ರ ದಶಕದಲ್ಲಿ ಸೊಲ್ಲಾಪುರದ ಪಂಪಿನ ಮಾದರಿಯ ಮೇಲೆ ಯುನಿಸೆಫ್ ಜೊತೆಗೂಡಿ ನಮ್ಮ ದೇಶದಲ್ಲೇ ರೂಪುಗೊಂಡದ್ದು. ಇವತ್ತು ದಕ್ಷಿಣ ಸುಡಾನಿನ ಹಳ್ಳಿಗಳಲ್ಲಿ ಇರುವುದೂ ಅದೇ ಪಂಪು. ಉಗಾಂಡದವರು ಅದನ್ನೇ ಯು-2 ಎಂದು ಮಾಡಿಕೊಂಡಿದ್ದಾರೆ. ಅಲ್ಲಿ ಅದು ಕೆಡುವುದಕ್ಕೆ ದೊಡ್ಡ ಕಾರಣ ನೀರಿನ ಹುಳಿ. ಪಿಎಚ್ 6.5ಕ್ಕಿಂತ ಕೆಳಗಿದ್ದರೆ ಜಿಐ ಪೈಪು ಒಳಗಿಂದ ತುಕ್ಕು ಹಿಡಿಯುತ್ತದೆ, ನೀರು ಕೆಂಪಾಗುತ್ತದೆ, ಜನ ಅದನ್ನು ಬಿಟ್ಟು ಮತ್ತೆ ಹೊಂಡಕ್ಕೆ ಹೋಗುತ್ತಾರೆ. ಪರಿಹಾರ ಸ್ಟೇನ್‌ಲೆಸ್ ಸ್ಟೀಲ್ ಅಥವಾ ಒಳ್ಳೆಯ ಯುಪಿವಿಸಿ ಪೈಪು. ಕ್ಲ್ಯಾಂಪು ಹಾಕಿ, ಮೂರು ಮೀಟರಿನ ತುಂಡು ತುಂಡಾಗಿ ಪೈಪು ಎತ್ತಿಸಿ ವಾಷರ್ ಬದಲಿಸುವ ಕೆಲಸ ನೀವು ನಿಂತು ಮಾಡಿಸಿದ್ದರೆ ಅದನ್ನು ಅರ್ಜಿಯಲ್ಲಿ ಬರೆಯಿರಿ. ಇದೇನು ಬರೆಯುವಂಥದ್ದು ಎಂದು ನಮ್ಮವರು ಬಿಟ್ಟುಬಿಡುತ್ತಾರೆ.

ಪದವಿಯ ಮಾತು

‘ಸ್ನಾತಕೋತ್ತರ ಇಲ್ಲದೆ ವಿಶ್ವಸಂಸ್ಥೆ ಇಲ್ಲ’ ಅನ್ನುವುದು ಅರ್ಧಸತ್ಯ. ಅಂತರರಾಷ್ಟ್ರೀಯ ವೃತ್ತಿಪರ ಹುದ್ದೆಗಳಲ್ಲಿ ಪಿ-2 ಎಂಬ ಕೆಳಗಿನ ದರ್ಜೆಗೆ ಸ್ನಾತಕೋತ್ತರ ಪದವಿ ಮತ್ತು ಎರಡು ವರ್ಷದ ಅನುಭವ, ಅದರ ಮೇಲಿನ ಪಿ-3ಕ್ಕೆ ಐದು ವರ್ಷದ ಅನುಭವ ಕೇಳುವುದು ವಾಡಿಕೆ. ಆದರೆ ಬಹಳಷ್ಟು ಪ್ರಕಟಣೆಗಳ ಕೆಳಗೇ ಇನ್ನೊಂದು ಸಾಲು ಇರುತ್ತದೆ: ಸ್ನಾತಕ ಪದವಿಯ ಜೊತೆ ಎರಡು ವರ್ಷ ಹೆಚ್ಚಿನ ಅನುಭವ ಇದ್ದರೂ ಒಪ್ಪುತ್ತೇವೆ ಎಂದು. ನಿಮ್ಮ ಆರು ವರ್ಷದಲ್ಲಿ ಎರಡು ಕಳೆದರೂ ನಾಲ್ಕು ಉಳಿಯುತ್ತದೆ, ಕಾಗದದ ಮೇಲೆ ಪಿ-2 ದಾಟಿದಿರಿ. ನಿಮ್ಮಲ್ಲಿ ಇಲ್ಲದ್ದು ತುರ್ತುಪರಿಸ್ಥಿತಿಯ ಅನುಭವ. ಅದನ್ನು ಇಂಗ್ಲೆಂಡಿನ ತರಗತಿ ಕೊಡುವುದಿಲ್ಲ.

ಸಾಲದ ಲೆಕ್ಕವನ್ನೂ ನೋಡಿ. ಮೂವತ್ತು ಲಕ್ಷ, ಶೇ 11ರ ಬಡ್ಡಿ, ಹತ್ತು ವರ್ಷ: ತಿಂಗಳ ಕಂತು 41,000 ರೂಪಾಯಿ ದಾಟುತ್ತದೆ. ಈ ವಲಯದ ಮೊದಲ ಕೆಲಸಗಳು ಆರು, ಒಂಬತ್ತು, ಹನ್ನೆರಡು ತಿಂಗಳ ಒಪ್ಪಂದಗಳು. ಒಂದು ಮುಗಿದು ಇನ್ನೊಂದು ಸಿಗುವ ನಡುವೆ ಸಂಬಳವಿಲ್ಲದ ತಿಂಗಳುಗಳು ಸಾಮಾನ್ಯ. ಬ್ಯಾಂಕಿನ ಕಂತಿಗೆ ಅಂಥ ಬಿಡುವು ಇಲ್ಲ.

ಅದರ ಮೇಲೆ ಕಾಲವೂ ಕೆಟ್ಟಿದೆ. ನೆರವಿನ ಹಣದಲ್ಲಿ ಅತಿ ದೊಡ್ಡ ಪಾಲು ಕೊಡುತ್ತಿದ್ದ ಅಮೆರಿಕ 2025ರ ಜನವರಿಯಲ್ಲಿ ಕೈ ಬಿಗಿಹಿಡಿಯಿತು. ಜುಲೈ ಹೊತ್ತಿಗೆ ಆ ನೆರವು ಹಂಚುತ್ತಿದ್ದ ಯುಎಸ್‌ಏಡ್ ಎಂಬ ಸಂಸ್ಥೆಯೇ ಮುಚ್ಚಿತು. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಸುಮಾರು 3,500 ಹುದ್ದೆ ಕಡಿತ ಮಾಡಿತು. ವಿಶ್ವ ಆಹಾರ ಕಾರ್ಯಕ್ರಮ ಸಿಬ್ಬಂದಿಯ ಕಾಲು ಭಾಗಕ್ಕೂ ಹೆಚ್ಚು ಇಳಿಸುವ ಯೋಜನೆ ಹಾಕಿತು. ಹತ್ತು ಹದಿನೈದು ವರ್ಷ ಸುಡಾನ್, ಯೆಮನ್ ನೋಡಿದವರೇ ಈಗ ಪಿ-2 ಹುದ್ದೆಗೆ ಅರ್ಜಿ ಹಾಕುತ್ತಿದ್ದಾರೆ. ಹೊಸ ಪದವಿಯೊಂದನ್ನೇ ಹಿಡಿದು ಅವರ ಪಕ್ಕ ನಿಲ್ಲುವುದು ಕಷ್ಟ.

ಹಾಗಂತ ಸೀಟನ್ನು ಈಗಲೇ ಕೈಬಿಡಬೇಕಿಲ್ಲ. ಒಂದು ವರ್ಷ ಮುಂದೂಡಲು ಸಾಧ್ಯವೇ ಎಂದು ವಿಶ್ವವಿದ್ಯಾಲಯಕ್ಕೆ ಬರೆದು ಕೇಳಿ, ಅಷ್ಟರಲ್ಲಿ ವಿದ್ಯಾರ್ಥಿವೇತನಕ್ಕೆ ಪ್ರಯತ್ನಿಸಿ. ಬ್ರಿಟನ್ ಸರ್ಕಾರದ ಚೀವ್ನಿಂಗ್ ಪೂರ್ತಿ ಖರ್ಚು ಕೊಡುತ್ತದೆ, ಎರಡು ವರ್ಷದ ಕೆಲಸದ ಅನುಭವ ಕೇಳುತ್ತದೆ, ಅದು ನಿಮ್ಮಲ್ಲಿದೆ. ಒಂದು ಗಂಟು ಮಾತ್ರ ಗಮನಿಸಿ: ಓದು ಮುಗಿದ ಮೇಲೆ ಎರಡು ವರ್ಷ ಸ್ವದೇಶಕ್ಕೆ ಮರಳಬೇಕೆಂಬ ಷರತ್ತಿದೆ. ಪುಕ್ಕಟೆ ಸಿಕ್ಕಿದರೂ ಸಾಮಾನ್ಯ ‘ಮಾನವೀಯ ನೆರವು’ ವಿಷಯದ ಬದಲು ನೀರು ಮತ್ತು ನೈರ್ಮಲ್ಯದ ತಾಂತ್ರಿಕ ವಿಷಯ ಆರಿಸಿಕೊಳ್ಳುವುದು ಜಾಣತನ. ನೆದರ್‌ಲ್ಯಾಂಡ್ಸಿನ ಐಎಚ್‌ಇ ಡೆಲ್ಫ್ಟ್ ಇದಕ್ಕೇ ಹೆಸರಾದದ್ದು. ಇಲ್ಲೇ ಪರಿಸರ ಎಂಜಿನಿಯರಿಂಗ್‌ನಲ್ಲಿ ಎಂ.ಟೆಕ್. ಮಾಡಿದರೂ ಅರ್ಜಿಯಲ್ಲಿನ ‘ಸ್ನಾತಕೋತ್ತರ’ ಎಂಬ ಚೌಕಕ್ಕೆ ಟಿಕ್ ಬೀಳುತ್ತದೆ, ಖರ್ಚು ಹತ್ತನೇ ಒಂದು ಪಾಲೂ ಆಗಲಿಕ್ಕಿಲ್ಲ. ಮುಂಬೈನ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಲ್ಲಿ ವಿಪತ್ತು ಅಧ್ಯಯನಕ್ಕೆ ಪ್ರತ್ಯೇಕ ವಿಭಾಗವೇ ಇದೆ, ಆದರೆ ಎಂಜಿನಿಯರಿಗೆ ಅದು ಎರಡನೇ ಆಯ್ಕೆ.

ಚಿಕ್ಕ ತರಬೇತಿಗಳ ವಿಷಯದಲ್ಲಿ ನಾನು ಉದಾರಿ, ಯಾಕೆಂದರೆ ಅವು ಅಗ್ಗ. ಕಾಯಾ ಮತ್ತು ಡಿಸಾಸ್ಟರ್‌ರೆಡಿ ತಾಣಗಳಲ್ಲಿ ಸ್ಫಿಯರ್ ಸೇರಿದಂತೆ ಹಲವು ಪಾಠಗಳು ಉಚಿತ. ವಿಶ್ವಸಂಸ್ಥೆಯ ಬಿಸೇಫ್ ಎಂಬ ಭದ್ರತಾ ಪಾಠವೂ ಉಚಿತ. ಪುಣೆಯ ರೆಡ್‌ಆರ್ ಇಂಡಿಯಾ ನೆರವಿನ ಎಂಜಿನಿಯರುಗಳಿಗೆಂದೇ ಇರುವ ಸಂಸ್ಥೆ, ಅವರ ಪ್ರತ್ಯಕ್ಷ ತರಬೇತಿಗೆ ತೂಕವಿದೆ. ಫ್ರಾನ್ಸಿನ ಲಿಯೋನ್‌ನಲ್ಲಿರುವ ಬಯೋಫೋರ್ಸ್ ದುಬಾರಿ, ಆದರೆ ಕೈಗೆ ಕೆಲಸ ಕಲಿಸುವಂಥದ್ದು. ಸರ್ಟಿಫಿಕೇಟು ಇಪ್ಪತ್ತಾದರೆ ಮಾತ್ರ ಅನುಮಾನ ಬರುತ್ತದೆ. ನಾಲ್ಕು ಸಾಕು.

ಒಳಗೆ ಹೋಗುವ ಬಾಗಿಲುಗಳು

ತುರ್ತು ಅನುಭವಕ್ಕೆ ಮೊದಲು ಆಫ್ರಿಕಾದ ಕಡೆ ನೋಡಬೇಡಿ. 2018ರಲ್ಲಿ ಕೊಡಗು, 2019ರಲ್ಲಿ ಕೃಷ್ಣಾ, ಮಲಪ್ರಭಾ, ಘಟಪ್ರಭಾ ತೀರ: ಕಾಳಜಿ ಕೇಂದ್ರಗಳೆಂದರೆ ಶಾಲೆಯ ನಾಲ್ಕು ಕೋಣೆ, ಮುನ್ನೂರು ಜನ, ಎರಡು ಕಕ್ಕಸು. ಮುಂದಿನ ಮಳೆಗಾಲಕ್ಕೆ ಮುಂಚೆಯೇ ಪ್ರವಾಹದಲ್ಲಿ ಕೆಲಸ ಮಾಡುವ ಒಂದು ಸಂಸ್ಥೆಯ ಜೊತೆ ಮಾತಾಡಿಟ್ಟುಕೊಳ್ಳಿ. ದಿಲ್ಲಿಯ ಸ್ಫಿಯರ್ ಇಂಡಿಯಾ ಇಂಥ ಸಂಸ್ಥೆಗಳ ಒಕ್ಕೂಟ, ಯಾರು ಎಲ್ಲಿದ್ದಾರೆ ಎಂದು ತಿಳಿಯಲು ಅನುಕೂಲ. ಕರ್ನಾಟಕವನ್ನು ನೋಡಿಕೊಳ್ಳುವ ಯುನಿಸೆಫ್ ಕಚೇರಿ ಹೈದರಾಬಾದಿನಲ್ಲಿದೆ, ಆಗಾಗ ವಾಶ್ ಸಲಹೆಗಾರರನ್ನು ಕರೆಯುತ್ತದೆ. ಮೂರು ತಿಂಗಳು ಅಸ್ಸಾಮಿನ ಪ್ರವಾಹದಲ್ಲಿ ನೀರು ಹಂಚಿದ್ದು ನಿಮ್ಮ ಅರ್ಜಿಯಲ್ಲಿ ಆ ಎಂ.ಎಸ್ಸಿ.ಗಿಂತ ಮೇಲಿನ ಸಾಲಿನಲ್ಲಿ ಕೂರುತ್ತದೆ.

ಆಮೇಲೆ ಹೊರಗಿನ ಬಾಗಿಲುಗಳು. ವಿಶ್ವಸಂಸ್ಥೆಯ ಸ್ವಯಂಸೇವಕ ಯೋಜನೆ ಹೆಸರಿಗೆ ಸ್ವಯಂಸೇವೆ, ಆದರೆ ತಿಂಗಳ ಜೀವನಭತ್ಯೆ, ವಿಮೆ, ವಿಮಾನ ಖರ್ಚು ಕೊಡುತ್ತದೆ. 27 ದಾಟಿ ಮೂರು ವರ್ಷದ ಅನುಭವ ಇರುವವರಿಗೆ ‘ತಜ್ಞ ಸ್ವಯಂಸೇವಕ’ ವರ್ಗ, ನೀವು ಅದರಲ್ಲಿ ಬರುತ್ತೀರಿ. ಭತ್ಯೆಯಲ್ಲಿ ಸಾಲ ತೀರುವುದಿಲ್ಲ ಅನ್ನುವುದಷ್ಟೇ ತೊಡಕು. ಎಂಎಸ್‌ಎಫ್ (ಗಡಿಗಳಿಲ್ಲದ ವೈದ್ಯರು) ವೈದ್ಯರ ಸಂಸ್ಥೆ ಎಂದು ಹೆಸರಾಗಿದ್ದರೂ ಅದರ ಕಾಲರಾ ಕೇಂದ್ರಗಳು ನಿಂತಿರುವುದು ನೀರಿನ ತಂತ್ರಜ್ಞರ ಮೇಲೆ. ಮೊದಲ ನಿಯೋಜನೆಗೆ ಹಲವು ತಿಂಗಳು ಬಿಡುವಾಗಿರಬೇಕು, ಸಂಬಳ ಸಾಧಾರಣ. ಜಿನೀವಾದ ಅಂತರರಾಷ್ಟ್ರೀಯ ರೆಡ್‌ಕ್ರಾಸ್ ಸಮಿತಿಯಲ್ಲಿ ನೀರು ಮತ್ತು ವಸತಿಗೆಂದೇ ಎಂಜಿನಿಯರುಗಳ ವಿಭಾಗವಿದೆ. ನಗರದ ಪಂಪ್‌ಹೌಸು, ವಿದ್ಯುತ್ತು, ದೊಡ್ಡ ಕೊಳವೆ ಮಾರ್ಗ ಅವರ ಕೆಲಸವಾದ್ದರಿಂದ ಬಹುಗ್ರಾಮ ಯೋಜನೆಯ ಅನುಭವ ಅಲ್ಲಿ ನೇರವಾಗಿ ಹೊಂದುತ್ತದೆ. ಗೇರಿನ ಗಾಡಿ ಓಡಿಸುವ ಲೈಸೆನ್ಸು ಇಟ್ಟುಕೊಳ್ಳಿ, ಕೇಳುತ್ತಾರೆ.

ಫ್ರೆಂಚ್ ಕಡ್ಡಾಯವಲ್ಲ, ಆದರೆ ಬಂದರೆ ಸಾಲು ಅರ್ಧಕ್ಕೆ ಇಳಿಯುತ್ತದೆ. ಕಾಂಗೊ, ಚಾಡ್, ಮಧ್ಯ ಆಫ್ರಿಕಾ ಗಣರಾಜ್ಯ, ನೈಜರ್, ಮಾಲಿ, ಬುರ್ಕಿನಾ ಫಾಸೊ, ಹೈಟಿ, ಎಲ್ಲ ಕಡೆ ಕಚೇರಿಯ ಮಾತು ಫ್ರೆಂಚ್. ಭಾರತದ ಎಂಜಿನಿಯರುಗಳಲ್ಲಿ ಅದು ಬರುವವರು ಬೆರಳೆಣಿಕೆ. ಬಿ-2 ಮಟ್ಟ ಬೇಕು: ಸಭೆಯಲ್ಲಿ ಕೂತು ವಾದ ಮಾಡುವಷ್ಟು. ವಾರಕ್ಕೆ ಎಂಟು ಗಂಟೆ ಹಾಕಿದರೆ ಒಂದೂವರೆ ವರ್ಷ ಹಿಡಿಯಬಹುದು. ಬೆಂಗಳೂರಿನ ಅಲಿಯಾನ್ಸ್ ಫ್ರಾನ್ಸೇಸ್‌ನಲ್ಲಿ ಕಲಿತು ಡೆಲ್ಫ್ ಎಂಬ ಫ್ರೆಂಚ್ ಭಾಷಾ ಪರೀಕ್ಷೆ ಬರೆಯಿರಿ. ಮೂವತ್ತು ಲಕ್ಷದ ಪದವಿ ಮತ್ತು ಫ್ರೆಂಚ್ ಎರಡರಲ್ಲಿ ಒಂದನ್ನು ಆರಿಸು ಎಂದರೆ ನಾನು ಕಣ್ಣುಮುಚ್ಚಿ ಫ್ರೆಂಚ್ ಅನ್ನುತ್ತೇನೆ.

ಅಮ್ಮನ ಆತಂಕ

ಅದನ್ನು ಅಲ್ಲಗಳೆಯುವುದಿಲ್ಲ. ವಿಶ್ವಸಂಸ್ಥೆಯ ಲೆಕ್ಕದಂತೆ 2024ರಲ್ಲಿ ಜಗತ್ತಿನಲ್ಲಿ 383 ನೆರವು ಕಾರ್ಯಕರ್ತರು ಕೊಲ್ಲಲ್ಪಟ್ಟರು. ಅವರಲ್ಲಿ ಬಹುಪಾಲು ಅಲ್ಲಿನ ಸ್ಥಳೀಯ ಸಿಬ್ಬಂದಿ, ಹೊರದೇಶದಿಂದ ಬಂದವರಲ್ಲ. ಹೊರಗಿನಿಂದ ಬಂದವರನ್ನು ದಿನನಿತ್ಯ ಕಾಡುವುದು ಮಲೇರಿಯಾ, ರಸ್ತೆ ಅಪಘಾತ, ಸಂಜೆ ಆರಕ್ಕೆ ಗೇಟು ಹಾಕಿ ತಿಂಗಳುಗಟ್ಟಲೆ ಅದೇ ಎಂಟು ಮುಖ ನೋಡುವ ಬೇಸರ. ಕಷ್ಟದ ಜಾಗಗಳಲ್ಲಿ ವಿಶ್ವಸಂಸ್ಥೆ ತನ್ನ ಸಿಬ್ಬಂದಿಗೆ ನಾಲ್ಕು, ಆರು, ಎಂಟು ಅಥವಾ ಹನ್ನೆರಡು ವಾರಕ್ಕೊಮ್ಮೆ ಕಡ್ಡಾಯ ವಿಶ್ರಾಂತಿ ಕೊಡುವುದು ಇದಕ್ಕೇ.

ಹೆಣ್ಣು ಅನ್ನುವ ಕಾರಣಕ್ಕೆ ಈ ಕೆಲಸದಲ್ಲಿ ಬಾಗಿಲು ಮುಚ್ಚುವುದಕ್ಕಿಂತ ತೆರೆಯುವುದೇ ಹೆಚ್ಚು. ಶಿಬಿರದಲ್ಲೂ ನೀರು ಹೊರುವವರು ಹೆಂಗಸರು. ಕಕ್ಕಸಿಗೆ ಒಳಗಿಂದ ಚಿಲಕ ಇಲ್ಲ, ದಾರಿಯಲ್ಲಿ ದೀಪ ಇಲ್ಲ, ಮುಟ್ಟಿನ ಬಟ್ಟೆ ಒಗೆದು ಒಣಗಿಸಲು ಮರೆ ಇಲ್ಲ ಅನ್ನುವುದನ್ನು ಅವರು ಗಂಡಸು ಎಂಜಿನಿಯರಿಗೆ ಹೇಳುವುದಿಲ್ಲ. ಹೇಳದೆ ರಾತ್ರಿ ಬಯಲಿಗೆ ಹೋಗುತ್ತಾರೆ. ಕಟ್ಟಿದ ಐನೂರರಲ್ಲಿ ಇನ್ನೂರು ಖಾಲಿ ಬೀಳುತ್ತವೆ, ವರದಿಯಲ್ಲಿ ಮಾತ್ರ ಗುರಿ ಮುಟ್ಟಿರುತ್ತದೆ. ಹೋಗಲಾಗದ ಕಡೆಗಳೂ ಇವೆ. ಅಫ್ಘಾನಿಸ್ತಾನದಲ್ಲಿ 2022ರ ಡಿಸೆಂಬರ್‌ನಿಂದ ಅಲ್ಲಿನ ಹೆಣ್ಣುಮಕ್ಕಳು ನೆರವು ಸಂಸ್ಥೆಗಳಲ್ಲಿ ದುಡಿಯುವುದಕ್ಕೆ ತಾಲಿಬಾನ್ ನಿಷೇಧ ಹೇರಿದೆ, ಮರುವರ್ಷ ಅದು ವಿಶ್ವಸಂಸ್ಥೆಗೂ ಬಂತು.

ಯಾವ ಒಪ್ಪಂದಕ್ಕಾದರೂ ಸಹಿ ಹಾಕುವ ಮೊದಲು ಲಿಖಿತವಾಗಿ ಕೇಳಿ: ತುರ್ತಾಗಿ ದೇಶದಿಂದ ಹೊರಗೆ ಸಾಗಿಸುವ ವಿಮೆ ಇದೆಯೇ, ಅದು ಯುದ್ಧವಲಯಕ್ಕೂ ಅನ್ವಯವೇ, ವಸತಿಯಲ್ಲಿ ಹೆಂಗಸರಿಗೆ ಬೇರೆ ಕೋಣೆ, ಬೇರೆ ಸ್ನಾನಗೃಹ ಇದೆಯೇ, ಲೈಂಗಿಕ ಕಿರುಕುಳದ ದೂರು ಯಾರಿಗೆ ಕೊಡಬೇಕು, ಆ ವ್ಯಕ್ತಿ ನಿಮ್ಮ ನೇರ ಮೇಲಧಿಕಾರಿಯಾಗಿದ್ದರೆ ಬೇರೆ ದಾರಿ ಏನು. ಇಷ್ಟು ಕೇಳಿದ್ದಕ್ಕೆ ಮುಖ ಸಿಂಡರಿಸುವ ಸಂಸ್ಥೆಯಾದರೆ ಅಮ್ಮನ ಮಾತೇ ಸರಿ.

ಈಗ ಮಾಡಬೇಕಾದದ್ದು

ಕೆಲಸ ಬಿಡಬೇಡಿ. ಈಗಿನ ಕಂಪನಿಯಲ್ಲೇ ಒಂದು ಮಲ ತ್ಯಾಜ್ಯ ಸಂಸ್ಕರಣಾ ಘಟಕದ ಅಥವಾ ಬೂದುನೀರು ನಿರ್ವಹಣೆಯ ಕಾಮಗಾರಿ ಕೇಳಿ ಹಾಕಿಸಿಕೊಳ್ಳಿ. ಫ್ರೆಂಚ್ ಶುರುಮಾಡಿ. ಎರಡು ಮಳೆಗಾಲ ಪ್ರವಾಹದ ಕೆಲಸಕ್ಕೆ ರಜೆ ಹಾಕಿ ಹೋಗಿ. ನಂತರ ಅರ್ಜಿ ಹಾಕುವಾಗ ನಿಮಗೆ 30 ಅಥವಾ 31. ಈ ವಲಯಕ್ಕೆ ಅದು ತಡವಲ್ಲ, ಮೊದಲ ನಿಯೋಜನೆಗೆ ಹೋಗುವ ಎಂಜಿನಿಯರುಗಳಲ್ಲಿ ಮೂವತ್ತು ದಾಟಿದವರು ಧಾರಾಳ. ಈ ದಾರಿಯಲ್ಲೂ ಅಪಾಯವಿದೆ. ಎರಡು ವರ್ಷದ ನಂತರವೂ ಹುದ್ದೆಗಳು ಹೆಚ್ಚದೆ ಇರಬಹುದು. ಆಗ ನಿಮ್ಮ ಕೈಯಲ್ಲಿ ಎಂಟು ವರ್ಷದ ಅನುಭವ, ಒಂದು ಭಾಷೆ, ಅಡವಿಲ್ಲದ ಹೊಲ ಇರುತ್ತದೆ.

ಇನ್ನೊಂದು ಚಿಕ್ಕ ಕೆಲಸ, ಇದನ್ನು ಈ ವಾರವೇ ಮಾಡಿ. ನಮ್ಮಲ್ಲಿ ಗುತ್ತಿಗೆದಾರರು ಕೊಡುವ ಅನುಭವ ಪತ್ರದಲ್ಲಿ ‘ಇಂಥವರು ನಮ್ಮಲ್ಲಿ ಸೈಟ್ ಎಂಜಿನಿಯರ್ ಆಗಿ ತೃಪ್ತಿಕರವಾಗಿ ಕೆಲಸ ಮಾಡಿದ್ದಾರೆ’ ಎಂಬ ಒಂದೇ ಸಾಲು ಇರುತ್ತದೆ. ಅದರಿಂದ ಏನೂ ಉಪಯೋಗವಿಲ್ಲ. ಎಷ್ಟು ಹಳ್ಳಿ, ಎಷ್ಟು ಜನ, ಎಷ್ಟು ಕಿ.ಮೀ. ಯಾವ ವ್ಯಾಸದ ಎಚ್‌ಡಿಪಿಇ ಪೈಪು, ಎಷ್ಟು ಲೀಟರಿನ ಓವರ್‌ಹೆಡ್ ಟ್ಯಾಂಕು, ಎಷ್ಟು ಎಚ್‌ಪಿ ಪಂಪು, ನಿಮ್ಮ ಕೈಕೆಳಗೆ ಎಷ್ಟು ಜನ, ಯಾವ ತಿಂಗಳಿಂದ ಯಾವ ತಿಂಗಳವರೆಗೆ, ಇಷ್ಟನ್ನೂ ನೀವೇ ಇಂಗ್ಲಿಷಿನಲ್ಲಿ ಟೈಪು ಮಾಡಿ ಒಯ್ಯಿರಿ, ಲೆಟರ್‌ಹೆಡ್ಡಿನ ಮೇಲೆ ಸಹಿ, ಸೀಲು ಹಾಕಿಸಿಕೊಳ್ಳಿ. ಬಿಲ್ಲು ಬಾಕಿ ಇದ್ದು ಎಲ್ಲರ ತಲೆ ಕೆಟ್ಟಿರುವ ಮಾರ್ಚ್ ತಿಂಗಳಲ್ಲಿ ಹೋಗಬೇಡಿ. ಕಾಮಗಾರಿ ಹಸ್ತಾಂತರವಾದ ದಿನ ಹೋದರೆ ನಿಂತಲ್ಲೇ ಸಹಿ ಸಿಗುತ್ತದೆ.